ಟವೆಲು ಹಾಸಿದ ಜಾಗ

ಕಮ್ಮರಡಿಯ ಹೂವಪ್ಪನಿಗೆ ಜೀವಮಾನದಲ್ಲಿ ಪೂರ್ತಿಯಾಗಿ ಒಲಿದದ್ದು ಒಂದೇ ವಿದ್ಯೆ, ಬಸ್ಸಿಗೆ ಟವೆಲು ಹಾಕುವುದು. ಬಸ್ಸು ಇನ್ನೂ ಕೊಪ್ಪದ ಸ್ಟ್ಯಾಂಡಿನೊಳಗೆ ಹೊಗೆ ಬಿಡುತ್ತಾ ತಿರುಗುತ್ತಿರುವಾಗಲೇ ಅವನು ಪಕ್ಕದಲ್ಲಿ ಓಡುತ್ತಾ, ಹೆಗಲ ಮೇಲಿನ ಟವೆಲು ಎಳೆದು, ಕಿಟಕಿಯ ಸರಳಿನ ಸಂದಿಯಲ್ಲಿ ಒಳಗೆ ಬಿಡುತ್ತಿದ್ದ. ಅದು ಹೋಗಿ ಮೂರು ಜನರ ಸೀಟಿನ ಮೇಲೆ ಅಂಗಾತ ಹರಡಿಕೊಳ್ಳುತ್ತಿತ್ತು. ಆಮೇಲೆ ಹತ್ತಿದವರು ಯಾರೇ ಆಗಲಿ, ತಾಲ್ಲೂಕು ಆಫೀಸಿನ ಸಾಹೇಬರೇ ಆಗಲಿ, ಆ ಟವೆಲಿನ ಮೇಲೆ ಕೂರುವಂತಿರಲಿಲ್ಲ. ಇದನ್ನು ಯಾವ ಸರ್ಕಾರವೂ ಕಾನೂನು ಮಾಡಿಲ್ಲ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಬಸ್‌ಸ್ಟ್ಯಾಂಡುಗಳಲ್ಲಿ ಸರ್ಕಾರದ ಕಾನೂನನ್ನು ಮೀರಿದವರುಂಟು, ಟವೆಲನ್ನು ಮೀರಿದವರಿಲ್ಲ.

ಇಂಥ ವಿದ್ಯಾವಂತ ಒಂದು ದಿನ ತನ್ನ ವಿದ್ಯೆಯನ್ನು ಕಾರಿನ ವಿಷಯಕ್ಕೂ ಹಚ್ಚಲು ಹೋದ. ಅವನ ಮನೆಯಲ್ಲಿ ಕಾರಿರಲಿಲ್ಲ. ಕಾರು ಎಂದರೆ ಅವನ ಮಟ್ಟಿಗೆ ಬಸ್ಸು ಕಾಯುವಾಗ ಮುಖಕ್ಕೆ ಧೂಳು ಹಾರಿಸಿಕೊಂಡು ಹೋಗುವ ಒಂದು ವಸ್ತು.

ಆದದ್ದು ಹೀಗೆ. ಹೂವಪ್ಪನ ಮಗಳು ಗಗನಾಳಿಗೆ ಎರಡು ಸಂಬಂಧ ಬಂದು ಎರಡೂ ತಪ್ಪಿಹೋಗಿದ್ದವು. ಒಂದಕ್ಕೆ ಜಾತಕ ಅಡ್ಡ ಬಂತು, ಇನ್ನೊಂದಕ್ಕೆ ಏನು ಅಡ್ಡ ಬಂತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎರಡು ಸಲವೂ ಹುಡುಗಿ ಬೇಕು ಅಂದಿರಲಿಲ್ಲ, ಬೇಡ ಅಂದಿರಲಿಲ್ಲ. ಮೂರನೆಯದನ್ನು ತಂದವನು ಮದುವೆ ದಲ್ಲಾಳಿ ವೀರಪ್ಪ. ಹುಡುಗ ನರಸಿಂಹರಾಜಪುರದ ಭೈರಪ್ಪನವರ ಮಗ ಧರ್ಮೇಶ್, ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಹೆಸರು ಕೇಳಿದ್ದೇ ಗಗನಾ ಒಲೆಯ ಮುಂದೆ ಎದ್ದು ನಿಂತು, "ಅಮ್ಮ, ಯಾವ ಸೀರೆ ಉಟ್ಕಳ್ಲಿ?" ಎಂದಳು. ನೆಂಟರ ಮದುವೆಯೊಂದರಲ್ಲಿ ಆ ಹುಡುಗ ಪಾಯಸ ಬಡಿಸುತ್ತಾ ಬಂದವನು ಇವಳ ಎಲೆಗೆ ಎರಡು ಸಲ ಬಡಿಸಿದ್ದನಂತೆ. ಅಷ್ಟೇ ಕಥೆ. ಆದರೆ ತಾಯಿ ಯಮುನಮ್ಮನಿಗೆ ಅಷ್ಟು ಸಾಕಾಯಿತು. ರಾತ್ರಿ ಗಂಡನಿಗೆ ಹೇಳಿದಳು: "ನೋಡಿ, ಹುಡುಗಿ ಬಾಯಿಬಿಟ್ಟು ಕೇಳಿದ್ದು ಇದೇ ಮೊದ್ಲು. ಇದೊಂದು ನಿಮ್ಮಿಂದ ಕೆಡಬಾರ್ದು."

"ನನ್ನಿಂದ ಎಂತ ಕೆಡ್ತದೆ ಮಾರಾಯ್ತಿ?" ಎಂದ ಹೂವಪ್ಪ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

ಹುಡುಗಿ ನೋಡುವ ಶಾಸ್ತ್ರ ಶೃಂಗೇರಿಯ ದೇವಸ್ಥಾನದಲ್ಲಾಗಲಿ, ಎರಡೂ ಕಡೆಗೆ ಹತ್ತಿರ ಎಂದು ವೀರಪ್ಪ ಗೊತ್ತು ಮಾಡಿದ. ಬೀಗರಾಗಬೇಕಾದವರು ಅದುವರೆಗೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಎಲ್ಲ ಮಾತೂ ಮನೆಯ ಫೋನಿನಲ್ಲೇ. ಹೂವಪ್ಪನ ಹತ್ತಿರ ಮೊಬೈಲು ಇರಲಿಲ್ಲ. ಹಿಂದಿನ ದಿನ ಭೈರಪ್ಪನವರೇ ಫೋನು ಮಾಡಿದರು.

"ಶೃಂಗೇರಿ ಅಂದ್ರೆ ನಂಗೆ ಕಾರಿನದ್ದೇ ತಲೆಬಿಸಿ ಮಾರಾಯ್ರೆ. ಹೋದ ಸಲ ನಿಲ್ಸಕ್ಕೆ ಜಾಗ ಸಿಗ್ದೆ ಎಲ್ಲೋ ದೂರ ನಿಲ್ಸಿ ಬಂದ್ವಿ. ನಮ್ಮನೆಯವಳ ಮಂಡಿ ನೋವು ಎಂಟು ದಿನ ಬಿಡ್ಲಿಲ್ಲ. ಈಗಂತೂ ಟೂರಿನ ಬಸ್ಸು ಬೇರೆ. ಬೇರೆ ಎಲ್ಲಾದ್ರೂ ಇಟ್ಕಳಣ, ಇಲ್ಲಾಂದ್ರೆ ಮುಂದಿನ ತಿಂಗ್ಳು ನೋಡಣ."

ಮುಂದಿನ ತಿಂಗಳು ಧನುರ್ಮಾಸ. ಶುಭದ ಮಾತು ಆಡುವಂತಿಲ್ಲ. ಹೂವಪ್ಪನ ಎದೆ ಧಸಕ್ಕೆಂದಿತು. ಆ ಧಸಕ್ಕಿನಲ್ಲಿ ಅವನ ಬಾಯಿಂದ ಒಂದು ಮಾತು ಬಂದುಬಿಟ್ಟಿತು: "ಛೆ ಛೆ, ಜಾಗದ ಚಿಂತೆ ನಂಗೆ ಬಿಡಿ! ಶೃಂಗೇರೀಲಿ ನಂಗೆ ಬೇಕಾದ ದೊಡ್ಡ ಜನ ಇದಾರೆ. ದೇವಸ್ಥಾನದ ಎದುರೇ ನಿಮ್ಮ ಕಾರಿಗೆ ಜಾಗ ಮಾಡ್ಸಿ ಇಡ್ತೀನಿ. ಬಾಗ್ಲು ತೆಗ್ದು ಇಳಿಯೋದೊಂದೇ ನಿಮ್ಮ ಕೆಲ್ಸ."

"ಹೌದಾ?" ಭೈರಪ್ಪನವರ ದನಿಯಲ್ಲಿ ಮರ್ಯಾದೆ ಬಂತು. "ಹಾಗಾದ್ರೆ ಬರ್ತೀವಿ."

"ಕಾರು ಯಾವ್ದು?"

"ಬಿಳೀದು."

ಹೂವಪ್ಪನಿಗೆ ಶೃಂಗೇರಿಯಲ್ಲಿ ಬೇಕಾದ ದೊಡ್ಡ ಜನ ಎಂದರೆ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸು ಕೊಡುವಾಗ "ಹ್ವಾಯ್, ಚಟ್ನಿ ಬೇಕಾ?" ಎಂದು ಕೇಳುವ ಸಪ್ಲೈಯರು. ಆದರೆ ಆಡಿದ ಮಾತನ್ನು ಹೆಂಡತಿಗೂ ಹಾಗೇ ಒಪ್ಪಿಸಿದ. "ನಾನು ಬೆಳಿಗ್ಗೆನೇ ಹೋಗ್ತೀನಿ. ಒಬ್ರು ದೊಡ್ಡವ್ರನ್ನ ಕಾಣ್ಬೇಕು. ನೀನು, ಗಗನಾ ವೀರಪ್ಪನ ಸಂಗಡ ಬಂದು ಸೀದಾ ಒಳಗೆ ಕೂತಿರಿ. ಅವ್ರನ್ನ ನಾನೇ ಕರ್ಕಂಡ್ ಬರ್ತೀನಿ." ಯಾರು ದೊಡ್ಡವರು ಎಂದು ಯಮುನಮ್ಮ ಕೇಳಿದಳು. "ನಿಂಗೆ ಗೊತ್ತಾಗಲ್ಲ" ಎಂದ.

ಮರುದಿನ ಮೊದಲ ಬಸ್ಸಿಗೆ ಶೃಂಗೇರಿಗೆ ಬಂದು ನೋಡಿದರೆ, ಏನಾಶ್ಚರ್ಯ, ದೇವಸ್ಥಾನದ ಎದುರಿನ ರಸ್ತೆಯ ಅಂಚಿನಲ್ಲಿ ಒಂದು ಕಾರಿನಷ್ಟು ಜಾಗ ಖಾಲಿ ಬಿದ್ದಿದೆ! ದೇವರೇ ಇಟ್ಟುಕೊಟ್ಟನೆಂದು ಹೂವಪ್ಪ ಕೈಮುಗಿದ. ಹೆಗಲಿನಿಂದ ಹೊಸ ಟವೆಲು ತೆಗೆದು, ಕೊಡವಿ, ರಸ್ತೆಯ ಮೇಲೆ ನೀಟಾಗಿ ಹಾಸಿದ. ಗಾಳಿಗೆ ಹಾರೀತೆಂದು ತನ್ನ ಚಪ್ಪಲಿ ಬಿಚ್ಚಿ ಎರಡು ಮೂಲೆಗೆ ಒಂದೊಂದು ಇಟ್ಟ. ಸೀಮೆಎಣ್ಣೆಯ ಕ್ಯೂನಲ್ಲಿ ಚಪ್ಪಲಿ ಇಟ್ಟು ಮರದ ನೆರಳಿಗೆ ಹೋಗಿ ಕೂತ ಅನುಭವವೂ ಅವನಿಗೆ ಬೇಕಾದಷ್ಟಿತ್ತು. ಟವೆಲೂ ಇದೆ, ಚಪ್ಪಲಿಯೂ ಇದೆ, ಇನ್ನು ಯಾರಪ್ಪನೂ ಈ ಜಾಗ ಮುಟ್ಟುವಂತಿಲ್ಲ ಎಂದು ಪಕ್ಕದ ಕಟ್ಟೆಯ ಮೇಲೆ ಕೂತ.

ಮೊದಲು ಬಂದವನು ಪೊಲೀಸ್ ಪೇದೆ. "ಯಾರದ್ರೀ ಈ ಟವೆಲು?"

"ನಂದು ಸ್ವಾಮಿ."

"ರಸ್ತೆ ಮೇಲೆ ಎಂತಕ್ಕೆ ಹಾಸಿದ್ದು? ಮಲಗ್ತೀರಾ?"

"ಇಲ್ಲ ಸ್ವಾಮಿ, ಜಾಗ ಹಿಡ್ದಿದ್ದು. ಕಾರಿಗೆ."

"ಕಾರೆಲ್ಲಿ?"

"ನರಸಿಂಹರಾಜಪುರದಲ್ಲಿದೆ."

ಪೇದೆ ಟವೆಲನ್ನು ನೋಡಿದ, ಹೂವಪ್ಪನನ್ನು ನೋಡಿದ. ಕಾರು ಒಂದು ತಾಲ್ಲೂಕಿನಲ್ಲಿ, ಪಾರ್ಕಿಂಗು ಇನ್ನೊಂದು ತಾಲ್ಲೂಕಿನಲ್ಲಿ. ಇದಕ್ಕೆ ಯಾವ ಸೆಕ್ಷನ್ನು ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಆಚೆ ಎರಡು ಬಸ್ಸು ಮುಖಾಮುಖಿಯಾಗಿ ಸಿಕ್ಕಿಕೊಂಡು ಅರಚತೊಡಗಿದ್ದರಿಂದ "ಬಂದು ನೋಡ್ಕತೀನಿ" ಎಂದು ಸೀಟಿ ಊದುತ್ತಾ ಓಡಿದ.

ಆಮೇಲೆ ಬಿಳಿ ಕಾರುಗಳು ಬರತೊಡಗಿದವು. ಲೋಕದಲ್ಲಿ ಇಷ್ಟೊಂದು ಬಿಳಿ ಕಾರುಗಳಿವೆ ಎಂದು ಹೂವಪ್ಪನಿಗೆ ಗೊತ್ತಿರಲಿಲ್ಲ. ಮೊದಲನೆಯದು ನಿಧಾನ ಮಾಡಿದ್ದೇ ತಡ, ಟವೆಲು ಚಪ್ಪಲಿ ಎರಡನ್ನೂ ಬಾಚಿಕೊಂಡು "ಬನ್ನಿ ಬನ್ನಿ, ಹಿಂದೆ ಬರ್ಲಿ, ಇನ್ನೂ ಬರ್ಲಿ" ಎಂದು ಕಂಡಕ್ಟರನ ಹಾಗೆ ಬಾಗಿಲು ತಟ್ಟಿ, ಕಾರನ್ನು ಒಳಗೆ ಸೇರಿಸಿ, ಬಾಗಿಲು ತೆಗೆದು ಕೈಮುಗಿದು ನಿಂತ.

"ನಿಮ್ಗೋಸ್ಕರ ಬೆಳಿಗ್ಗಿಂದ ಕಾಯ್ತಿದೀನಿ. ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ? ಅಮ್ಮಾವ್ರ ಮಂಡಿ ಹ್ಯಾಗಿದೆ?"

ಇಳಿದ ಹೆಂಗಸು ಗಂಡನ ಮುಖ ನೋಡಿದಳು. ಆಕೆಯ ಮಂಡಿಗೆ ಏನೂ ಆಗಿರಲಿಲ್ಲ. ಅವರು ಎಲ್ಲಿಯೋ ಘಟ್ಟದ ಕೆಳಗಿನವರು. ಗಂಡ ಮಾತ್ರ ಸಂತೋಷಪಟ್ಟು, "ಒಳ್ಳೆ ವ್ಯವಸ್ಥೆ ಮಾಡಿದ್ದಾರೆ ಮಾರಾಯ್ತಿ ಇಲ್ಲಿ" ಎಂದ. ಇವರು ಅವರಲ್ಲ ಎಂದು ಹೂವಪ್ಪನಿಗೆ ಗೊತ್ತಾಗುವುದಕ್ಕೆ, ಈ ಜಾಗ ನಿಮಗಲ್ಲ ಎಂದು ಅವರಿಗೆ ಹೇಳುವುದಕ್ಕೆ, ಕರೆದು ನಿಲ್ಲಿಸಿದವನೇ ಈಗ ತೆಗಿ ಅನ್ನುತ್ತಾನಲ್ಲ, ತಲೆ ಸರಿ ಇದೆಯಾ ಎಂದು ಅವರು ಕೂಗಾಡುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. ಕೊನೆಗೆ ಹೂವಪ್ಪ ಆ ಹೆಂಗಸಿನ ಎದುರು, "ನನ್ನ ಮಗ್ಳ ಜೀವನದ ಪ್ರಶ್ನೆ ತಾಯಿ" ಎಂದು ಕಣ್ಣಲ್ಲಿ ನೀರು ತಂದುಕೊಂಡದ್ದರಿಂದ ಅವರು ಕಾರು ತೆಗೆದರು. ಈ ಗಲಾಟೆಯ ನಡುವೆಯೇ ಯಮುನಮ್ಮ, ಗಗನಾ, ವೀರಪ್ಪ ಮೂವರೂ ಆಚೆ ಬದಿಯಿಂದ ದೇವಸ್ಥಾನದೊಳಗೆ ಹೋದರು. ಅವರು ಇವನನ್ನು ನೋಡಲಿಲ್ಲ, ಇವನು ಅವರನ್ನು ನೋಡಲಿಲ್ಲ.

ಟವೆಲು ಮತ್ತೆ ಹಾಸಿದ್ದಾಯಿತು. ಚಪ್ಪಲಿ ಮತ್ತೆ ಮೂಲೆಗೆ ಬಂತು. ಈ ಸಲ ಯಾವ ಕಾರಿಗೂ ಮರುಳಾಗಬಾರದೆಂದು ಹೂವಪ್ಪ ಟವೆಲಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ರಸ್ತೆಯ ತುದಿಗೇ ಕಣ್ಣಿಟ್ಟ. ಆಗ ಬಂತು ನೋಡಿ, ಬಯಲುಸೀಮೆಯ ಕಡೆಯ ಟೂರಿನ ಬಸ್ಸು. ಅದರಿಂದ ಇಳಿದ ಜನರ ಮುಂದಾಳು, ರುಮಾಲಿನ ಯಜಮಾನರೊಬ್ಬರು, ಸುತ್ತ ನೋಡಿದರು. ರಸ್ತೆಯ ಪಕ್ಕ ಹಾಸಿದ ಬಟ್ಟೆ. ಬಟ್ಟೆಯ ಮೇಲೆ ಚಪ್ಪಲಿ. ಪಕ್ಕದಲ್ಲಿ ಕಾಯುತ್ತಾ ಕೂತ ಒಬ್ಬ ಮನುಷ್ಯ. ಇನ್ನೇನು ವಿವರಣೆ ಬೇಕು?

"ಇಲ್ಲೇ ಬಿಡ್ರೆಪಾ ಎಲ್ಲಾರೂ!" ಎಂದು ಕೂಗಿದರು. ತಮ್ಮ ಜೋಡನ್ನು ಬಿಚ್ಚಿ ಟವೆಲಿನ ನಟ್ಟನಡುವೆ ಇಟ್ಟು, "ಹೊಸಾವು ಅದಾವು, ಸ್ವಲ್ಪ ಹುಷಾರಿಂದ ನೋಡ್ಕೋರಿ ಯಜಮಾನ್ರ" ಎಂದರು.

"ಅಯ್ಯೋ, ಇದು ಕಾರಿಗೆ..." ಎಂದ ಹೂವಪ್ಪ.

"ಆತು ಆತು" ಎಂದು ಯಜಮಾನರು ಹೊರಟೇಬಿಟ್ಟರು. ಅವರ ಹಿಂದೆ ಇಡೀ ಬಸ್ಸು ಚಪ್ಪಲಿ ಬಿಚ್ಚಿತು. ಅಜ್ಜಿಯಂದಿರು ಬಿಚ್ಚಿದರು, ಹಸುಗೂಸಿನ ತಾಯಂದಿರು ಬಿಚ್ಚಿದರು, ಒಬ್ಬಾಕೆ ಚಪ್ಪಲಿಯ ಜೊತೆಗೆ ಬುತ್ತಿಯ ಗಂಟನ್ನೂ ಇಟ್ಟಳು. ಬಸ್ಸಿನವರು ಬಿಟ್ಟದ್ದನ್ನು ಕಂಡು ವ್ಯಾನಿನವರು ಬಿಟ್ಟರು, ವ್ಯಾನಿನವರನ್ನು ಕಂಡು ಜೀಪಿನವರು. ಕಪ್ಪು ಬಟ್ಟೆಯ ಅಯ್ಯಪ್ಪ ಭಕ್ತರ ತಂಡವೊಂದು ಬಂದಾಗ ಹೂವಪ್ಪನ ಜೀವ ಹಾರಿಹೋಯಿತು. ಪುಣ್ಯಕ್ಕೆ ಅವರು ಬರಿಗಾಲಲ್ಲಿದ್ದರು. ಹೂವಪ್ಪ ಎಲ್ಲರಿಗೂ ಬೇಡ ಬೇಡ ಎಂದು ಕೈ ಆಡಿಸುತ್ತಲೇ ಇದ್ದ. ಆದರೆ ಮಲೆನಾಡಿನವನ 'ಬೇಡ' ಎಷ್ಟು ಮೆತ್ತಗಿರುತ್ತದೆಂದರೆ ಬೇರೆ ಸೀಮೆಯವರಿಗೆ ಅದು 'ಆಗಲಿ' ಎಂದೇ ಕೇಳಿಸುತ್ತದೆ. ನೋಡನೋಡುತ್ತಿದ್ದ ಹಾಗೆ ಟವೆಲು ಮುಚ್ಚಿಹೋಗಿ, ಒಂದು ಕಾರಿನಷ್ಟು ಜಾಗದ ತುಂಬ ಚಪ್ಪಲಿಯೇ ಆಯಿತು.

ನೀಲಿ ಸೀರೆಯ ಹೆಂಗಸೊಬ್ಬಳು ಕುಂಟುತ್ತಾ ಬಂದು ತನ್ನ ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟಾಗ ಹೂವಪ್ಪ ಮುಖ ಎತ್ತಿಯೂ ನೋಡಲಿಲ್ಲ. ಅವಳ ಜೊತೆಗಿದ್ದ ಗಂಡಸರಿಬ್ಬರೂ ಅಲ್ಲೇ ಬಿಟ್ಟರು. ಕಾಲ್ನಡಿಗೆಯಲ್ಲಿ ಬಂದವರ ಮೇಲೆ ಅವನಿಗೆ ಆಸಕ್ತಿಯಿರಲಿಲ್ಲ. ಅವನು ಕಾಯುತ್ತಿದ್ದದ್ದು ಬಿಳಿ ಕಾರನ್ನು.

ಪೇದೆ ತಿರುಗಿ ಬಂದ. "ಓಹೋ! ಕಾರು ಅಂದಿದ್ರಿ, ಚಪ್ಪಲಿ ಸ್ಟ್ಯಾಂಡ್ ಮಾಡಿದ್ರಾ?"

"ನಾನ್ ಮಾಡಿದ್ದಲ್ಲ ಸ್ವಾಮಿ, ಆಗಿದ್ದು. ನಾನು ಹೋಗ್ತೀನಿ, ನಂಗೆ ಒಳಗೆ ಕೆಲ್ಸ ಇದೆ."

"ಹೋಗೋದೆಲ್ಲಿಗೆ? ಒಂದು ಜೋಡಿ ಕಳ್ದುಹೋದ್ರೂ ಇಷ್ಟೂ ಜನ ಬಂದು ನನ್ನ ತಲೆ ತಿಂತಾರೆ. ಜನ ನಿಮ್ಮನ್ನ ನಂಬಿ ಬಿಟ್ಟಿದಾರೆ. ಅವ್ರು ಬರೋ ತನಕ ಇಲ್ಲೇ ಇರಿ, ಅಲ್ಲಾಡ್ಬೇಡಿ."

ನಂಬಿ ಬಿಟ್ಟಿದ್ದಾರೆ ಎಂಬ ಮಾತು ಹೂವಪ್ಪನನ್ನು ಕಟ್ಟಿಹಾಕಿತು. ಬುದ್ಧಿವಂತನಾಗಿದ್ದರೆ ಪೇದೆಯ ಬೆನ್ನು ತಿರುಗಿದ್ದೇ ಎದ್ದು ನಡೆಯುತ್ತಿದ್ದ. ಇವನು ಚದುರಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಇಡತೊಡಗಿದ.

ಆಗ ದೇವಸ್ಥಾನದ ಕಡೆಯಿಂದ ಪಂಚೆ ಎತ್ತಿ ಹಿಡಿದುಕೊಂಡು ವೀರಪ್ಪ ಓಡೋಡಿ ಬಂದ. ಎರಡು ಸಲ ಇವನನ್ನು ದಾಟಿ ಹೋದ. ಮೂರನೆಯ ಸಲ ನಿಂತ.

"ಹೂವಪ್ಪಣ್ಣ! ಎಂತ ಮಾರಾಯ ಇದು ಅವತಾರ?"

"ಕಾರು ಬಂತಾ?"

"ಎಂತ ಕಾರು? ಅವ್ರು ಬಂದು ಒಳಗೆ ಕೂತು ಎಷ್ಟ್ ಹೊತ್ತಾಯ್ತು! ನಿನ್ ಜಾಗ ಹುಡ್ಕಿ ಹುಡ್ಕಿ ಸಾಕಾಗಿ ಕಾರನ್ನ ಎಲ್ಲೋ ಬಿಟ್ಟು ನಡ್ಕಂಡೇ ಬಂದ್ರಂತೆ. ಭೈರಪ್ಪನವ್ರ ಹೆಂಡ್ತಿ ಶಂಕರಮ್ಮ ಮಂಡಿ ಹಿಡ್ಕಂಡ್ ಕೂತಿದಾರೆ. ಇನ್ನೇನು ರಾಹುಕಾಲ ಬಂತು. ನೀನ್ ಬಾ ಮೊದ್ಲು!"

ಹೂವಪ್ಪ ಎದ್ದ. ಎದ್ದವನು ಚಪ್ಪಲಿಗಳನ್ನು ನೋಡಿದ. "ವೀರಪ್ಪ, ನೀನ್ ಸ್ವಲ್ಪ ಇಲ್ಲಿ ಕೂತ್ಕ. ನಾನು ಹೋಗಿ ಮುಖ ತೋರ್ಸಿ ಬರ್ತೀನಿ."

"ನಾನಾ? ಊರೂರಿನ ಮದುವೆ ಕುದುರ್ಸಿದವ್ನು ನಾನು, ಚಪ್ಪಲಿ ಕಾಯ್ಲಾ? ಯಾರಾದ್ರೂ ಕಂಡ್ರೆ ನಾಳೆಯಿಂದ ನನ್ನ ಮಾತಿಗೆ ಯಾರು ಹೆಣ್ಣು ಕೊಡ್ತಾರೆ?" ವೀರಪ್ಪ ಹಣೆ ಚಚ್ಚಿಕೊಂಡ. "ಬೇಗ ಏನಾದ್ರೂ ಮಾಡಿ ಬಾ. ಅಲ್ಲಿ ತನಕ ನಾನು ಏನಾದ್ರೂ ಹೇಳಿರ್ತೀನಿ."

ಹೂವಪ್ಪ ಎಳನೀರು ಮಾರುವ ತುಂಗಮ್ಮನನ್ನು ಕೇಳಿದ. "ನನ್ನ ಎಳನೀರು ಕಾಯಕ್ಕೇ ಜನ ಇಲ್ಲ" ಎಂದಳು. ಧೈರ್ಯ ಮಾಡಿ ದೇವಸ್ಥಾನದ ಕಡೆ ಹೆಜ್ಜೆ ಹಾಕಿದ. "ಯಜಮಾನ್ರ, ಎಲ್ಲಿ ಹೊಂಟ್ರಿ? ನಮ್ಮ ಬುತ್ತಿ ನೋಡ್ಕೋಳಾವ್ರು ಯಾರು?" ಎಂದು ಹಿಂದಿನಿಂದ ಯಾರೋ ಕೂಗಿದರು. ವಾಪಸು ಬಂದು ಕೂತ. ದೇವಸ್ಥಾನದ ಬಾಗಿಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಒಳಗೆ ಮಗಳು ಸೀರೆ ಉಟ್ಟುಕೊಂಡು ತಲೆ ತಗ್ಗಿಸಿ ಕೂತಿರುತ್ತಾಳೆ ಎಂದು ನೆನೆಯುತ್ತಾ ಮತ್ತೆ ಚಪ್ಪಲಿ ಜೋಡಿಸತೊಡಗಿದ.

ಸ್ವಲ್ಪ ಹೊತ್ತಿಗೆ ನೀಲಿ ಸೀರೆಯ ಹೆಂಗಸು ಹೊರಗೆ ಬಂದಳು. ಜೊತೆಗೆ ದಪ್ಪ ಮೀಸೆಯ ಗಂಡ, ಹಿಂದೆ ಬೆಳ್ಳಗಿನ ತೆಳ್ಳನೆಯ ಹುಡುಗ. ಚಪ್ಪಲಿ ಹುಡುಕುತ್ತಾ ಮಾತಾಡುತ್ತಿದ್ದರು.

"ಇದ್ರಲ್ಲಿ ಏನೋ ಇದೆ ಕಣ್ರೀ" ಎಂದಳು ಹೆಂಗಸು. "ಹುಡ್ಗಿ ತಾಯಿ, ನಮ್ಮನೆಯವ್ರು ಯಾರೋ ದೊಡ್ಡವ್ರ ಸಂಗಡ ಹೋಗಿದಾರೆ ಅಂತಾಳೆ. ಆ ದಲ್ಲಾಳಿ ಓಡ್ಕಂಡ್ ಬಂದು, ಅವ್ರು ತಲೆ ತಿರುಗಿ ಬಿದ್ದಿದಾರೆ ಅಂತಾನೆ. ಹೆಂಡ್ತಿಗೇ ಗೊತ್ತಿಲ್ದ ಕಾಯ್ಲೆ ಎಂತದ್ದು? ಮೂರ್ಛೆರೋಗನೋ ಏನೋ! ಮನೆತನದಲ್ಲೇ ಇದ್ರೆ? ನಾಳೆ ಮೊಮ್ಮಕ್ಕಳಿಗೆ ಬಂದ್ರೆ?"

"ಕಾಯ್ಲೆ ಅಲ್ಲ ಏನೂ ಅಲ್ಲ, ಕೊಬ್ಬು" ಎಂದರು ಮೀಸೆಯವರು. "ದೇವಸ್ಥಾನದ ಎದುರೇ ಜಾಗ ಮಾಡ್ಸಿಡ್ತೀನಿ ಅಂದ ಮನುಷ್ಯ. ಜಾಗನೂ ಇಲ್ಲ, ಮನುಷ್ಯನೂ ಇಲ್ಲ. ಈಗಲೇ ಇಂಥ ಬುರುಡೆ ಬಿಟ್ರೆ ಮುಂದೆ ಎಷ್ಟು ಬಿಡ್ತಾನೆ!"

ಹೂವಪ್ಪನ ಕೈಯಲ್ಲಿ ಆ ಹೆಂಗಸಿನ ಎಡಗಾಲಿನ ಚಪ್ಪಲಿಯಿತ್ತು. ಅದನ್ನು ಹಿಡಿದುಕೊಂಡೇ ಅವನು ಕಲ್ಲಾದ.

"ಅಮ್ಮ" ಎಂದ ಹುಡುಗ. ಅವನ ದನಿ ಸಣ್ಣಗಿತ್ತು. "ಹುಡ್ಗಿ ಎಂತ ಮಾಡಿದ್ಲು ಪಾಪ? ಒಂದ್ಸಲ ಅವ್ರ ತಂದೆನ ಕಂಡು ಮಾತಾಡಿದ್ರೆ ಎಲ್ಲ ಗೊತ್ತಾಗ್ತದಲ್ಲ."

"ಕಾಣ್ಲಿಕ್ಕೆ ಅವ ಇರ್ಬೇಕಲ್ಲ ಧರ್ಮೇಶ!"

ಹುಡುಗ ಸುಮ್ಮನಾಗಲಿಲ್ಲ. ಬಗ್ಗಿ ಹೂವಪ್ಪನ ಮುಖಕ್ಕೆ ಮುಖ ಕೊಟ್ಟು ಕೇಳಿದ: "ನೀವು ಬೆಳಿಗ್ಗಿಂದ ಇಲ್ಲೇ ಇದ್ರಲ್ಲ. ಕಮ್ಮರಡಿ ಕಡೆಯವ್ರು ಒಬ್ರು, ಹೂವಪ್ಪ ಅಂತ. ಯಾರಾದ್ರೂ ಕಂಡ್ರಾ?"

ಹೇಳಬೇಕಾದದ್ದು ಒಂದೇ ಮಾತು. ನಾನೇ ಹೂವಪ್ಪ ಎಂದರೆ ಆಗುತ್ತಿತ್ತು. ಆ ಹುಡುಗನ ಕಣ್ಣು ನೋಡಿದರೆ ಅವನು ಬೇಕಾದರೆ ನಗುತ್ತಿದ್ದನೇ ಹೊರತು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಹೂವಪ್ಪ ತನ್ನ ಕೈ ನೋಡಿಕೊಂಡ. ಸುತ್ತಲಿನ ರಾಶಿ ನೋಡಿದ. ನಾಳೆ ನರಸಿಂಹರಾಜಪುರದ ತುಂಬ, ಭೈರಪ್ಪನವರ ಬೀಗ ಶೃಂಗೇರಿಯಲ್ಲಿ ಚಪ್ಪಲಿ ಕಾಯುತ್ತಾನೆ ಎಂದು ಜನ ಆಡಿಕೊಳ್ಳುವುದು, ಮಗಳು ಆ ಮನೆಯಲ್ಲಿ ಜೀವನಪೂರ್ತಿ ಅದನ್ನು ಕೇಳಿಸಿಕೊಳ್ಳುವುದು ಎಲ್ಲ ಅವನ ಕಣ್ಣಿಗೆ ಕಟ್ಟಿತು. ಅವಳಿಗೆ ಒಳ್ಳೆಯದಾಗಲಿ ಎಂದೇ ಅವನು ಬಾಯಿ ತೆರೆದದ್ದು.

"ಇಲ್ಲ" ಎಂದ. "ಅಂಥವ್ರು ಯಾರೂ ಬರ್ಲಿಲ್ಲ."

ಹುಡುಗ ಇನ್ನೊಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಪ್ಪನ ಹಿಂದೆ ಹೋದ.

ಶಂಕರಮ್ಮ ಹೊರಟವಳು ತಿರುಗಿ ಬಂದಳು. ಒಳ್ಳೆಯ ಹೆಂಗಸೇ. ಚೀಲದೊಳಗೆ ಕೈ ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ ಕೆಂಪು ದಾರ ಕಟ್ಟಿದ ಮಲ್ಲಿಗೆಯ ಕಟ್ಟೊಂದನ್ನು ತೆಗೆದು ಹೂವಪ್ಪನ ಕೈಯಲ್ಲಿಟ್ಟಳು. "ತಗ. ಒಂದು ಹುಡ್ಗಿಗೆ ಮುಡ್ಸಣ ಅಂತ ತಂದಿದ್ದೆ. ಯೋಗ ಇರ್ಲಿಲ್ಲ. ವಾಪಸ್ ಮನೆಗೆ ತಗಂಡ್ ಹೋಗ್ಬಾರ್ದು. ನಿನ್ನ ಮನೇಲಿ ಹೆಣ್ಣುಮಕ್ಕಳಿದ್ರೆ ಕೊಡು ಮಾರಾಯ."

ಹೂವಪ್ಪ ಎರಡೂ ಕೈಯಲ್ಲಿ ಇಸಿದುಕೊಂಡ.

ಟೂರಿನ ಬಸ್ಸಿನವರು ಬಂದು ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು, ಬುತ್ತಿಯ ಗಂಟು ಎತ್ತಿಕೊಂಡು, ಒಂದೂ ಕಳೆದಿಲ್ಲವೆಂದು ಅವನನ್ನು ಹರಸಿ ಹೋದರು. ರುಮಾಲಿನ ಯಜಮಾನರಂತೂ "ನಿಮ್ಮಂಥಾ ಮಂದಿ ಇರೋದಕ್ಕ ಮಳಿ ಬೆಳಿ ಆಗ್ತೈತ್ರಿ" ಎಂದು ಬೆನ್ನು ತಟ್ಟಿದರು. ಜಾಗ ಖಾಲಿಯಾದದ್ದೇ ಬಿಳಿ ಕಾರೊಂದು ಬಂದು ಆರಾಮವಾಗಿ ಅಲ್ಲಿ ನಿಂತಿತು.

ಯಮುನಮ್ಮ ಗಂಡನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ವೀರಪ್ಪ ಹೇಳಿದ ತಲೆ ತಿರುಗಿದ ಕಥೆಯನ್ನು ಅವಳೂ ನಂಬಿರಲಿಲ್ಲ. "ಎಲ್ಲಿ ಹೋಗಿದ್ರಿ?" ಎಂದು ಮಾತ್ರ ಕೇಳಿದಳು. "ಆ ದೊಡ್ಡವ್ರು ಸಿಗ್ಲೇ ಇಲ್ಲ" ಎಂದ ಹೂವಪ್ಪ. ವೀರಪ್ಪ ತಾನು ಏನೂ ನೋಡಿಲ್ಲದವನಂತೆ ಕೊಪ್ಪದ ಬಸ್ಸು ಹತ್ತಿದ.

ಕಮ್ಮರಡಿಯ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ಗಗನಾ ಕಿಟಕಿಯ ಬದಿಯಲ್ಲಿ, ನಡುವೆ ಹೂವಪ್ಪ, ಈಚೆ ಯಮುನಮ್ಮ. ಹೂವಪ್ಪ ಎಲೆಯ ಕಟ್ಟನ್ನು ಮಡಿಲಲ್ಲಿಟ್ಟು ಪಂಚೆಯ ಚುಂಗು ಮುಚ್ಚಿಕೊಂಡಿದ್ದ. ಎಸೆಯಲು ಕೈ ಬಂದಿರಲಿಲ್ಲ, ಕೊಡಲು ಮುಖವಿರಲಿಲ್ಲ.

"ಅವ್ರು ಹೂವು ತಂದಿದ್ರು ಅಪ್ಪಯ್ಯ" ಎಂದಳು ಗಗನಾ ಹೊರಗೆ ನೋಡುತ್ತಲೇ. "ಬಾಳೆ ಎಲೇಲಿ ಸುತ್ತಿ, ಕೆಂಪು ದಾರ ಕಟ್ಟಿ. ಚೀಲದಿಂದ ಹೊರಗೂ ತೆಗ್ದಿದ್ರು. ನೀನು ಬರ್ಲಿ ಅಂತ ಕಾದ್ರು. ಆಮೇಲೆ ವಾಪಸ್ ಒಳಗೆ ಇಟ್ಕಂಡ್ರು."

ಹೂವಪ್ಪ ಹ್ಞೂಂ ಎಂದ. ಬಸ್ಸು ತಿರುವಿನಲ್ಲಿ ಓಲಿತು, ಮುಚ್ಚಿದ ಚುಂಗು ಸರಿಯಿತು, ಮಲ್ಲಿಗೆಯ ವಾಸನೆ ಸೀಟಿನ ತುಂಬ ಹರಡಿತು.

"ಎಲ್ಲಿಂದ ಅಪ್ಪಯ್ಯ ಈ ವಾಸನೆ?" ಎಂದು ಗಗನಾ ತಿರುಗಿದಳು.

ಹೂವಪ್ಪ ಅವಸರದಲ್ಲಿ ಚುಂಗು ಎಳೆದುಕೊಂಡ. "ಮುಂದೆ ಡ್ರೈವರು ದೇವರ ಫೋಟಕ್ಕೆ ಹಾರ ಹಾಕಿದಾನಲ್ಲ ಮಗಾ, ಅದ್ರದ್ದು."

ಗಗನಾ ಡ್ರೈವರನ ಮುಂದಿನ ಫೋಟೋ ನೋಡಿದಳು. ಅದಕ್ಕೆ ಹಾಕಿದ್ದು ಪ್ಲಾಸ್ಟಿಕ್ಕಿನ ಹಾರ, ವರ್ಷಗಟ್ಟಲೆ ಧೂಳು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅಪ್ಪನ ಮಡಿಲನ್ನು ನೋಡಿದಳು. ಚುಂಗಿನಂಚಿನಲ್ಲಿ ಕೆಂಪು ದಾರದ ತುದಿ ಕಾಣುತ್ತಿತ್ತು.

"ಹೌದು ಅಪ್ಪಯ್ಯ" ಎಂದಳು. "ಅದ್ರದ್ದೇ ಇರ್ಬೇಕು."